ಅಗೆಯುವ ಮೊದಲಿನ ರೋಮ್

ರಾಬರ್ಟ್ ಮ್ಯಾಕ್‌ಫರ್ಸನ್ ಎಂಬ ಸ್ಕಾಟ್ಲೆಂಡಿನ ಛಾಯಾಗ್ರಾಹಕ 1858ರ ಸುಮಾರಿಗೆ ತೆಗೆದ ಒಂದು ಫೋಟೊದಲ್ಲಿ ರೋಮಿನ ಮಾರ್ಸೆಲಸ್ ರಂಗಮಂದಿರ ಸೊಂಟದವರೆಗೆ ಮಣ್ಣಿನಲ್ಲಿ ಹೂತು ನಿಂತಿದೆ. ಜೂಲಿಯಸ್ ಸೀಸರ್ ಜಾಗ ಗೊತ್ತುಮಾಡಿ, ಆಗಸ್ಟಸ್ ಚಕ್ರವರ್ತಿ ಕಟ್ಟಿ ಮುಗಿಸಿ, ಚಿಕ್ಕ ವಯಸ್ಸಿಗೇ ತೀರಿಕೊಂಡ ಸೋದರಳಿಯನ ಹೆಸರಿಟ್ಟ ಕಟ್ಟಡ ಅದು. ಎರಡು ಅಂತಸ್ತಿನ ಕಮಾನುಗಳು ಬಾಗುತ್ತ ಸಾಗುತ್ತವೆ. ಮೇಲಿನ ಕಮಾನುಗಳಿಗೆ ಗೋಡೆ ಕಟ್ಟಿ, ಗೋಡೆಗೆ ಕಿಟಕಿ ಇಟ್ಟು ಮನೆ ಮಾಡಿಕೊಂಡಿದ್ದಾರೆ. ಕೆಳಗಿನ ಕಮಾನುಗಳ ಬುಡ ನೆಲದೊಳಗೆ ಸೇರಿಹೋಗಿದೆ. ಮೇಲೆ ಉಳಿದಿರುವಷ್ಟು ಭಾಗ ಅಂಗಡಿಗಳ ಬಾಗಿಲಾಗಿದೆ. ಬಾಗಿಲುಗಳ ಒಳಗೆ ಕಗ್ಗತ್ತಲು. ಕಂಬಗಳ ಅಂಚು ಮುರಿದಿದೆ, ಕಲ್ಲಿನ ಮೈಯೆಲ್ಲ ಗುಳಿಬಿದ್ದಿದೆ. ಕ್ಯಾಮೆರಾ ಎಷ್ಟು ಹತ್ತಿರಕ್ಕೆ ಬಂದಿದೆಯೆಂದರೆ ಗುಳಿಗಳಲ್ಲಿ ತುಂಬಿದ ನೆರಳು ಕೂಡ ಎಣಿಸುವಂತಿದೆ.

ಈಗ ರೋಮಿಗೆ ಹೋದವರಿಗೆ ಈ ನೋಟ ಸಿಗುವುದಿಲ್ಲ. 1926ರಿಂದ 1932ರ ನಡುವೆ ಮುಸೊಲಿನಿಯ ಆಡಳಿತ ಅಂಗಡಿಗಳನ್ನು ಖಾಲಿ ಮಾಡಿಸಿತು, ಎದುರಿಗಿದ್ದ ಮೊಂತಾನಾರಾ ಚೌಕವನ್ನು ಅಳಿಸಿತು, ಬುಡದವರೆಗೆ ಮಣ್ಣು ತೆಗೆಸಿತು. ಹಳ್ಳಿಯಿಂದ ಕೂಲಿಗೆ ಬಂದವರು ಕಾಯುತ್ತ ನಿಲ್ಲುತ್ತಿದ್ದ, ಓದುಬರಹ ಬಾರದವರಿಗೆ ದುಡ್ಡಿಗೆ ಕಾಗದ ಬರೆದುಕೊಡುವವರು ಮೇಜು ಹಾಕಿ ಕೂರುತ್ತಿದ್ದ ಚೌಕ ಅದು. ಪ್ರಾಚೀನ ಕಟ್ಟಡ ಪೂರ್ತಿ ಕಣ್ಣಿಗೆ ಬಿತ್ತು ನಿಜ. ಅದರೊಡನೆ ಬೆರೆತು ಶತಮಾನಗಳಷ್ಟು ಕಾಲ ಬಾಳಿದ ಊರು ಮಾತ್ರ ಹೋಯಿತು. ಆ ಊರಿಗೆ ಸಾಕ್ಷಿಯಾಗಿ ಇರುವುದು ಇಂಥ ಫೋಟೊಗಳು.

ರೋಮಿನ ಅವಶೇಷಗಳ ಮೊದಮೊದಲ ಛಾಯಾಚಿತ್ರಗಳನ್ನು ಮೂರು ಬಗೆಯಲ್ಲಿ ನೋಡುತ್ತ ಬರಲಾಗಿದೆ. ಪುರಾತತ್ತ್ವದವರಿಗೆ ಅವು ದಾಖಲೆ. ಮ್ಯೂಸಿಯಂಗಳಿಗೂ ಹರಾಜಿನವರಿಗೂ ಅವು ಕಲಾಕೃತಿ. ವಿಮರ್ಶಕರಲ್ಲಿ ಅನೇಕರಿಗೆ ಅವು ಪ್ರವಾಸಿಯ ಕನಸಿಗೆ ತಕ್ಕಂತೆ ತಯಾರಾದ ಸರಕು. ಮೂರೂ ಮಾತಿಗೆ ಆಧಾರವಿದೆ. ಆದರೆ ಮೂರೂ ಕಡೆಯವರು ಚಿತ್ರದ ನಡುವಿನಲ್ಲಿರುವ ಪ್ರಾಚೀನ ಕಟ್ಟಡದ ಮೇಲೆಯೇ ಕಣ್ಣಿಟ್ಟು ಮಾತಾಡುತ್ತಾರೆ. ನನ್ನ ಮಟ್ಟಿಗೆ ಈ ಚಿತ್ರಗಳ ಹೆಚ್ಚಿನ ಬೆಲೆ ಅಂಚಿನಲ್ಲಿದೆ: ಕಂಬದ ಬುಡದ ಮಣ್ಣು, ಕಮಾನಿನ ಮೇಲಿನ ಗಿಡ, ಗೋಡೆಗೆ ಆತುಕೊಂಡ ಮಾಡು, ಒಣಗಲು ಹಾಕಿದ ಬಟ್ಟೆ. ತೆಗೆದವರು ಇವನ್ನು ತೋರಿಸಬೇಕೆಂದು ತೆಗೆದದ್ದಲ್ಲ. ಮಸೂರದ ಎದುರಿಗೆ ಇದ್ದವು, ಬಂದವು.

ಕಥೆ 1839ರಿಂದ ಶುರುವಾಗುತ್ತದೆ. ಆ ವರ್ಷದ ಆಗಸ್ಟ್ 19ರಂದು ಪ್ಯಾರಿಸ್ಸಿನಲ್ಲಿ ಲೂಯಿ ಡಾಗೆರ್‌ನ ವಿಧಾನವನ್ನು ಬಹಿರಂಗಪಡಿಸಲಾಯಿತು. ಬೆಳ್ಳಿ ಲೇಪಿಸಿದ ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಅಯೋಡಿನ್ ಹಬೆಗೆ ಹಿಡಿದು, ಕ್ಯಾಮೆರಾದಲ್ಲಿಟ್ಟು, ಆಮೇಲೆ ಪಾದರಸದ ಹಬೆಯಲ್ಲಿ ಚಿತ್ರ ಮೂಡಿಸುವ ಕೆಲಸ. ಯೂರೋಪಿನ ಕಣ್ಣು ಕೂಡಲೇ ಹೊರಳಿದ ಊರುಗಳಲ್ಲಿ ರೋಮ್ ಒಂದು. ಕಲ್ಲಿನ ಕಟ್ಟಡ ಅಲುಗಾಡುವುದಿಲ್ಲ, ಬಿಸಿಲು ಚೆನ್ನಾಗಿದೆ, ಕೊಳ್ಳುವ ಪ್ರವಾಸಿಗರಿದ್ದಾರೆ. ಆಗಿನ ಕ್ಯಾಮೆರಾಕ್ಕೆ ಇದಕ್ಕಿಂತ ಅನುಕೂಲದ ಊರು ಸಿಗುವುದು ಕಷ್ಟವಿತ್ತು. ರೋಮಿನಲ್ಲಿ ಕನ್ನಡಕ, ಮಸೂರಗಳ ವ್ಯಾಪಾರ ಮಾಡುತ್ತಿದ್ದ ಲೊರೆಂಜೊ ಸುಶಿಪಿ ಡಾಗೆರೊಟೈಪ್ ಕೆಲಸಕ್ಕೆ ಕೈಹಾಕಿ, 1841ರಲ್ಲಿ ಜಾನಿಕ್ಯುಲಮ್ ಗುಡ್ಡದ ಮೇಲಿನಿಂದ ಎಂಟು ತಗಡುಗಳಲ್ಲಿ ಇಡೀ ನಗರದ ನೋಟ ಹಿಡಿದ. ಅದೇ ವರ್ಷ ಇಟಲಿಗೆ ಬಂದ ಅಲೆಕ್ಸಾಂಡರ್ ಜಾನ್ ಎಲ್ಲಿಸ್ ಎಂಬ ಇಂಗ್ಲಿಷ್ ವಿದ್ವಾಂಸ ತಾನೂ ತೆಗೆದು, ಸುಶಿಪಿಯಂಥವರಿಂದ ತೆಗೆಸಿಯೂ ನೂರೈವತ್ತಕ್ಕೂ ಹೆಚ್ಚು ತಗಡುಗಳನ್ನು ಕೂಡಿಹಾಕಿದ. ಅವುಗಳಿಂದ ಪುಸ್ತಕ ಮಾಡುವ ಅವನ ಆಸೆ ಈಡೇರಲಿಲ್ಲ.

ಡಾಗೆರೊಟೈಪಿನ ತೊಡಕು ಗೊತ್ತಿರುವುದೇ. ಒಂದು ತಗಡಿಗೆ ಒಂದೇ ಚಿತ್ರ, ಪ್ರತಿ ತೆಗೆಯುವಂತಿಲ್ಲ. ಎಡ ಬಲ ಅದಲುಬದಲಾಗಿರುತ್ತದೆ. ಪುಸ್ತಕದಲ್ಲಿ ಅಚ್ಚಾಗಬೇಕಾದರೆ ಕೆತ್ತನೆಗಾರ ಅದನ್ನು ನೋಡಿಕೊಂಡು ಲೋಹದ ಮೇಲೆ ಕೆತ್ತಬೇಕು. ಪ್ಯಾರಿಸ್ಸಿನ ಲೆರೆಬೂರ್ 1840ರ ದಶಕದ ಆರಂಭದಲ್ಲಿ ಹೊರತಂದ ನೋಟಗಳ ಸಂಪುಟಗಳು ಹೀಗೆ ಬಂದವು. ಅಲ್ಲಿ ಒಂದು ವಿಚಿತ್ರ ನಡೆಯಿತು. ಮೂಲ ತಗಡಿನಲ್ಲಿ ಬೀದಿ ಖಾಲಿ. ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕಾದ್ದರಿಂದ ನಡೆದು ಹೋದವರು ದಾಖಲಾಗಿಲ್ಲ. ಖಾಲಿ ಬೀದಿ ಓದುಗರಿಗೆ ಹಿಡಿಸದೆಂದು ಕೆತ್ತನೆಗಾರರು ತಮ್ಮ ಕಡೆಯಿಂದ ಜನರನ್ನೂ ಬಂಡಿಗಳನ್ನೂ ಸೇರಿಸಿದರು. ಕ್ಯಾಮೆರಾದ ಸತ್ಯವೆಂದು ಮಾರಿದ ಮೊದಲ ಚಿತ್ರಗಳಿಗೇ ಕೈಕೆಲಸ ಕೂಡಿತ್ತು ಎಂಬುದನ್ನು ಈ ಚರ್ಚೆಯಲ್ಲಿ ಮರೆಯುವ ಹಾಗಿಲ್ಲ.

ಈ ಮೊದಲ ತಲೆಮಾರಿನಲ್ಲಿ ನಿಜವಾದ ಪ್ರತಿಭೆ ಎಂದರೆ ಫ್ರಾನ್ಸಿನ ಲಾಂಗ್ರ್ ಊರಿನ ಸಿರಿವಂತ ಜೋಸೆಫ್ ಫಿಲಿಬೇರ್ ಜಿರೊ ದ ಪ್ರಾಂಜೆ. 1842ರಲ್ಲಿ ಹೊರಟು ಇಟಲಿ, ಗ್ರೀಸ್, ಈಜಿಪ್ಟ್, ಸಿರಿಯಾ, ಟರ್ಕಿ ಸುತ್ತಿ 1845ರಲ್ಲಿ ಹಿಂತಿರುಗುವಾಗ ಸಾವಿರದಷ್ಟು ತಗಡುಗಳನ್ನು ಹೊತ್ತು ತಂದ. ರೋಮ್ ಆ ಪಯಣದ ಮೊದಲ ಘಟ್ಟಗಳಲ್ಲಿ ಒಂದು. ತನ್ನ ದೊಡ್ಡ ತಗಡುಗಳನ್ನು ಬೇಕಾದಂತೆ ಕತ್ತರಿಸಿಕೊಂಡು, ಎತ್ತರದ ವಸ್ತುವಿಗೆ ಉದ್ದನೆಯ ಪಟ್ಟಿ, ಹರವಿಗೆ ಅಡ್ಡ ಪಟ್ಟಿ ಎಂದು ಬಳಸಿದ. ಕ್ಯಾಮೆರಾ ಕೊಡುವ ಚೌಕಟ್ಟನ್ನು ಅವನು ಒಪ್ಪಲಿಲ್ಲ. ಕಲ್ಲಿನ ಆಕಾರಕ್ಕೆ ಚೌಕಟ್ಟನ್ನು ಹೊಂದಿಸಿದ. ಇಷ್ಟು ಮಾಡಿ ಚಿತ್ರಗಳನ್ನು ಯಾರಿಗೂ ಪ್ರದರ್ಶಿಸಲಿಲ್ಲ. 1892ರಲ್ಲಿ ಅವನು ಸತ್ತ ಮೇಲೆ ಮನೆ ಪಾಳುಬಿತ್ತು. 1920ರ ದಶಕದಲ್ಲಿ ಆ ಆಸ್ತಿಯನ್ನು ಕೊಂಡವರಿಗೆ ಮರದ ಪೆಟ್ಟಿಗೆಗಳಲ್ಲಿ ಸಾಲಾಗಿ ಜೋಡಿಸಿ, ಚೀಟಿ ಅಂಟಿಸಿ ಇಟ್ಟ ತಗಡುಗಳು ಸಿಕ್ಕವು. ಜಗತ್ತು ಅವನನ್ನು ದೊಡ್ಡದಾಗಿ ಗುರುತಿಸಿದ್ದು 2003ರ ಲಂಡನ್ ಹರಾಜಿನ ನಂತರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವನ ಪ್ರದರ್ಶನ ಏರ್ಪಡಿಸಿದ್ದು 2019ರಲ್ಲಿ.

ತಗಡು ಹಿಂದೆ ಸರಿದು ಕಾಗದ ಬಂದದ್ದು ಎರಡನೆಯ ಘಟ್ಟ. ಇಂಗ್ಲೆಂಡಿನ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಕಾಗದವೇ ನೆಗೆಟಿವ್. ಅದರಿಂದ ಎಷ್ಟು ಬೇಕಾದರೂ ಪ್ರಿಂಟ್ ಹಾಕಬಹುದು. ಟಾಲ್ಬಟ್‌ನ ಪರಿಚಯದ ವಲಯಕ್ಕೆ ಸೇರಿದ ವೇಲ್ಸ್ ದೇಶದ ಪಾದ್ರಿ ಕಾಲ್ವರ್ಟ್ ಜೋನ್ಸ್ 1846ರಲ್ಲಿ ಕೊಲೋಸಿಯಂ ಮುಂದೆ ನಿಂತಾಗ ಅದು ಒಂದು ಕಾಗದದಲ್ಲಿ ಹಿಡಿಯಲಿಲ್ಲ. ಕ್ಯಾಮೆರಾ ಸ್ವಲ್ಪ ತಿರುಗಿಸಿ ಎರಡು ನೆಗೆಟಿವ್ ತೆಗೆದು ಪಕ್ಕಪಕ್ಕ ಜೋಡಿಸಿದ. ರೋಮಿನಲ್ಲಿ ಮುಂದಿನ ಕೆಲವು ವರ್ಷ ಕಾಗದದ ಕೆಲಸ ಮಾಡಿದ ಗುಂಪು ಸೇರುತ್ತಿದ್ದದ್ದು ಕೊಂದೊತ್ತಿ ಬೀದಿಯ ಕೆಫೆ ಗ್ರೆಕೊದಲ್ಲಿ. ಫ್ರಾನ್ಸಿನ ಫ್ರೆಡೆರಿಕ್ ಫ್ಲಾಶೆರೊನ್, ಯೂಜೀನ್ ಕಾನ್ಸ್ಟಾನ್, ಪಾದುವಾದಿಂದ ಬಂದು ಅಲ್ಲೇ ನಿಂತ ಚಿತ್ರಕಾರ ಜಾಕೊಮೊ ಕಾನೆವಾ ಇವರಲ್ಲಿ ಮುಖ್ಯರು. ರೋಮಿನ ಬಿಸಿಲಿಗೆ ಕಾಗದ ಬೇಗ ಒಣಗಿ ಶಕ್ತಿ ಕಳೆದುಕೊಳ್ಳುತ್ತಿತ್ತು. ಹಾಗಾಗಿ ಒದ್ದೆ ಕಾಗದವನ್ನು ಗಾಜಿಗೆ ಒತ್ತಿಟ್ಟು, ಒದ್ದೆಯಾಗಿರುವಾಗಲೇ ಚಿತ್ರ ತೆಗೆಯುವ ಪದ್ಧತಿಯನ್ನು ರೂಢಿಸಿಕೊಂಡರು. ಕಾನೆವಾ ತನ್ನ ಅನುಭವವನ್ನು 1855ರಲ್ಲಿ ಒಂದು ಕೈಪಿಡಿಯಾಗಿ ಅಚ್ಚು ಹಾಕಿಸಿದ.

ಪ್ರತ್ಯೇಕವಾಗಿ ಒಂದು ಹೆಸರು ಹೇಳಬೇಕು, ಸ್ತೆಫಾನೊ ಲೆಕ್ಕಿ. 1849ರಲ್ಲಿ ರೋಮಿನ ಜನ ಪೋಪ್ ಆಡಳಿತವನ್ನು ಕಿತ್ತೆಸೆದು ಗಣರಾಜ್ಯ ಸಾರಿದಾಗ, ಪೋಪನ ನೆರವಿಗೆ ಬಂದ ಫ್ರೆಂಚ್ ಸೇನೆ ನಗರಕ್ಕೆ ಫಿರಂಗಿ ಹಾರಿಸಿತು. ಗಣರಾಜ್ಯದ ಕಡೆಯ ಗರಿಬಾಲ್ಡಿಯ ಪಡೆ ಜಾನಿಕ್ಯುಲಮ್ ಗುಡ್ಡದ ಮೇಲೆ ಹೋರಾಡಿ ಸೋತಿತು. ಯುದ್ಧ ನಿಂತ ಮೇಲೆ ಲೆಕ್ಕಿ ಕ್ಯಾಮೆರಾ ಹೊತ್ತು ಅಲ್ಲಿಗೆ ಹೋಗಿ, ಕುಸಿದ ಬಂಗಲೆಗಳನ್ನೂ ತೂತುಬಿದ್ದ ಗೋಡೆಗಳನ್ನೂ ತೆಗೆದ. ಯುದ್ಧದ ಅತಿ ಹಳೆಯ ಛಾಯಾಚಿತ್ರಗಳಲ್ಲಿ ಇವೂ ಸೇರಿವೆ. 41 ಪ್ರಿಂಟುಗಳ ಒಂದು ಸಂಗ್ರಹ ರೋಮಿನ ಆಧುನಿಕ ಇತಿಹಾಸದ ಗ್ರಂಥಾಲಯದಲ್ಲಿದೆ. ಎರಡು ಸಾವಿರ ವರ್ಷದ ಪಾಳು ಕಟ್ಟಡವನ್ನು ಸುಂದರವೆಂದು ತೆಗೆಯುತ್ತಿದ್ದ ಊರಿನಲ್ಲಿ ಕೆಲವೇ ದಿನಗಳ ಹಿಂದೆ ಬಿದ್ದ ಕಟ್ಟಡವನ್ನು ಅದೇ ಕೋನದಿಂದ, ಅದೇ ಬೆಳಕಿನಲ್ಲಿ ತೆಗೆದಿದ್ದಾನೆ. ಅವನ ಚಿತ್ರ ನೋಡಿದ ಮೇಲೆ ಪ್ರಾಚೀನ ಅವಶೇಷದ ಚಿತ್ರವನ್ನು ಬರೀ ಚೆಂದವೆಂದು ನೋಡಲು ನನಗೆ ಆಗುವುದಿಲ್ಲ. ಇವೂ ಒಂದು ಕಾಲಕ್ಕೆ ಯಾರಾದರೂ ಬೀಳಿಸಿದವೇ, ಸುಣ್ಣಕ್ಕಾಗಿ ಸುಟ್ಟವೇ, ಅರಮನೆ ಕಟ್ಟಲು ಕಲ್ಲು ಹೊತ್ತವೇ.

ಈಗ ಮ್ಯಾಕ್‌ಫರ್ಸನ್. ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿ, ಅದನ್ನು ಬಿಟ್ಟು, ಚಿತ್ರಕಾರನಾಗಲು 1840ರ ಸುಮಾರಿಗೆ ರೋಮಿಗೆ ಬಂದವನು. ಚಿತ್ರ ಬರೆದು ಹೊಟ್ಟೆ ತುಂಬಲಿಲ್ಲ. ಹಳೆಯ ಚಿತ್ರಗಳ ವ್ಯಾಪಾರ ಕೈಹಿಡಿಯಿತು. 1846ರಲ್ಲಿ ಹೊಗೆ ಹಿಡಿದು ಕಪ್ಪಾಗಿದ್ದ ಒಂದು ಮರದ ಹಲಗೆಯ ಚಿತ್ರ ಅವನ ಕೈಗೆ ಬಂತು. ಅದು ಮೈಕೆಲೆಂಜೆಲೊ ಅರ್ಧಕ್ಕೆ ಬಿಟ್ಟ, ಯೇಸುವಿನ ಶವವನ್ನು ಸಮಾಧಿಗೆ ಒಯ್ಯುವ ಚಿತ್ರ. ಲಂಡನ್ನಿನ ನ್ಯಾಷನಲ್ ಗ್ಯಾಲರಿ 1868ರಲ್ಲಿ ಅದನ್ನು ಅವನಿಂದ 2,000 ಪೌಂಡಿಗೆ ಕೊಂಡಿತು; ಈಗಲೂ ಅಲ್ಲೇ ಇದೆ. ಕಪ್ಪು ಹಿಡಿದ ಮೇಲ್ಮೈಯ ಅಡಿಯಲ್ಲಿ ಏನಿದೆ ಎಂದು ನೋಡಬಲ್ಲ ಕಣ್ಣು ಅದು. 1851ರಲ್ಲಿ ಅವನು ಕ್ಯಾಮೆರಾ ಹಿಡಿದಾಗ ಆ ಕಣ್ಣು ಕಲ್ಲಿನ ಕಡೆಗೆ ತಿರುಗಿತು.

ಆ ಹೊತ್ತಿಗೆ ಗಾಜು ಬಂದಿತ್ತು. ಒದ್ದೆ ಕೊಲೋಡಿಯನ್ ವಿಧಾನ 1851ರಲ್ಲೇ ಹೊರಬಂದಿತ್ತು, ಅದರಲ್ಲಿ ಚಿತ್ರ ಬೇಗ ಮೂಡುತ್ತಿತ್ತು. ಆದರೆ ಗಾಜಿನ ಮೇಲೆ ರಾಸಾಯನಿಕ ಹರಡಿ, ಅದು ಒಣಗುವ ಮೊದಲೇ ತೆಗೆದು ತೊಳೆದು ಮುಗಿಸಬೇಕು. ಹೋದಲ್ಲೆಲ್ಲ ಕತ್ತಲೆಯ ಗುಡಾರ ಬೇಕು. ಮ್ಯಾಕ್‌ಫರ್ಸನ್ ಆರಿಸಿಕೊಂಡದ್ದು ನಿಧಾನದ ದಾರಿ: ಗಾಜಿನ ಮೇಲೆ ಮೊಟ್ಟೆಯ ಬಿಳಿಯ ಲೇಪ. ಈ ಗಾಜುಗಳನ್ನು ಮನೆಯಲ್ಲೇ ತಯಾರಿಸಿ, ಒಣಗಿಸಿ, ಹೊತ್ತೊಯ್ಯಬಹುದಿತ್ತು. ಬೆಲೆ ತೆರಬೇಕಾದದ್ದು ಸಮಯದಲ್ಲಿ. ಒಳ್ಳೆ ಬಿಸಿಲಿದ್ದರೆ ದೂರದ ನೋಟಕ್ಕೆ ಐದು ನಿಮಿಷ, ಹತ್ತಿರದ್ದಕ್ಕೆ ಇನ್ನೂ ಹೆಚ್ಚು. ವ್ಯಾಟಿಕನ್ನಿನ ಶಿಲ್ಪಶಾಲೆಗಳ ಮಬ್ಬಿನಲ್ಲಿ ಎರಡು ಗಂಟೆ. ಒಂದೆರಡು ಕಡೆ ಎರಡು ದಿನವೇ ಹಿಡಿಯಿತೆಂದು ಅವನೇ ಹೇಳಿಕೊಂಡಿದ್ದಾನೆ. 1850ರ ದಶಕದ ನಡುವಿನಲ್ಲಿ ಕೊಲೋಡಿಯನ್ನನ್ನೂ ಮೊಟ್ಟೆಯ ಲೇಪವನ್ನೂ ಬೆರೆಸಿದ ವಿಧಾನಕ್ಕೆ ಬಂದ.

ನಿಧಾನದ ಈ ವಿಧಾನ ಅವನ ಶೈಲಿಯನ್ನೂ ರೂಪಿಸಿತು. ಮೊಟ್ಟೆಯ ಲೇಪದಲ್ಲಿ ಕಾಗದದ ನಾರು ಕಾಣುವುದಿಲ್ಲ, ಕಲ್ಲಿನ ಪ್ರತಿ ಗೀಚೂ ಸ್ಪಷ್ಟ. ಆಗಿನ ರಾಸಾಯನಿಕಗಳೆಲ್ಲ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದರಿಂದ ಆಕಾಶ ಪೂರಾ ಬಿಳಿ. ಹೀಗಾಗಿ ಅವನ ಚಿತ್ರಗಳಲ್ಲಿ ಮೋಡವಿಲ್ಲ, ಹವೆಯಿಲ್ಲ, ಕಲ್ಲು ಮಾತ್ರ ಇದೆ. ತಿವೊಲಿಯ ದೇಗುಲ, ಕ್ಲಾಡಿಯನ್ ಮೇಲ್ಗಾಲುವೆ, ಟೈಟಸ್‌ನ ಕಮಾನು ಎಲ್ಲದರಲ್ಲೂ ಈ ಗಟ್ಟಿತನವಿದೆ. ಕ್ಲೊಯಾಕಾ ಮ್ಯಾಕ್ಸಿಮಾದ ಚಿತ್ರವಂತೂ ಅವನ ಧೈರ್ಯಕ್ಕೆ ಸಾಕ್ಷಿ. ಅದು ರೋಮಿನ ಪುರಾತನ ಮಹಾಚರಂಡಿ. ದೇಗುಲ, ವಿಜಯಕಮಾನುಗಳ ಊರಿನಲ್ಲಿ ಚರಂಡಿಯ ಬಾಯಿ, ಅದರ ಮೇಲಿನ ಗೋಡೆ, ಸುತ್ತಲಿನ ಪೊದೆಗಳನ್ನು ಅಷ್ಟೇ ಗೌರವದಿಂದ ತೆಗೆದಿದ್ದಾನೆ.

ಸ್ಪ್ಯಾನಿಷ್ ಮೆಟ್ಟಿಲುಗಳ ಹತ್ತಿರ ಅವನ ಅಂಗಡಿಯಿತ್ತು. 1860ರ ದಶಕದ ಪಟ್ಟಿಯಲ್ಲಿ 300ಕ್ಕೂ ಹೆಚ್ಚು ಚಿತ್ರಗಳು ಮಾರಾಟಕ್ಕಿದ್ದವು. ಹೆಂಡತಿ ಜೆರಾಲ್ಡೀನ್ ಅವನ ಕೆಲಸದಲ್ಲಿ ಸಮಪಾಲು ಹೊತ್ತವಳು. ವ್ಯಾಟಿಕನ್ ಶಿಲ್ಪಗಳ ಬಗ್ಗೆ 1863ರಲ್ಲಿ ಬಂದ ಅವನ ಪುಸ್ತಕಕ್ಕೆ ಮರದಚ್ಚಿನ ಚಿತ್ರಗಳನ್ನು ಮಾಡಿದ್ದು ಅವಳೇ. 1872ರ ನವೆಂಬರಿನಲ್ಲಿ ಮ್ಯಾಕ್‌ಫರ್ಸನ್ ಮಲೇರಿಯಾದಿಂದ ಸತ್ತ. ರೋಮಿನ ಜೌಗು ಬಯಲಿನ ಆ ಜ್ವರ ಅಲ್ಲಿ ಕೆಲಸ ಮಾಡಿದ ಹೊರಗಿನವರಲ್ಲಿ ಅನೇಕರನ್ನು ತಿಂದಿದೆ.

ಅವನ ಸರೀಕರಲ್ಲಿ ವ್ಯಾಪಾರದಲ್ಲಿ ಗೆದ್ದವನು ಜೇಮ್ಸ್ ಆಂಡರ್ಸನ್. ನಿಜವಾದ ಹೆಸರು ಐಸಾಕ್ ಅಟ್ಕಿನ್ಸನ್, ಇಂಗ್ಲೆಂಡಿನವನು. ಅವನ ಮಗ, ಮೊಮ್ಮಕ್ಕಳು ಅದೇ ವೃತ್ತಿ ಮುಂದುವರಿಸಿದರು. ಜೋಕಿನೊ ಆಲ್ತೊಬೆಲ್ಲಿ ಮತ್ತೊಂದು ದಾರಿ ಹಿಡಿದ. ಹಗಲಿನಲ್ಲಿ ತೆಗೆದ ಕೊಲೋಸಿಯಂ, ಫೋರಂಗಳಿಗೆ ಬೇರೆ ನೆಗೆಟಿವಿನಿಂದ ಮೋಡ, ಚಂದ್ರರನ್ನು ಕೂಡಿಸಿ ಬೆಳದಿಂಗಳ ನೋಟವೆಂದು ಮಾರಿದ. 1866ರಲ್ಲಿ ಅದರ ಮೇಲೆ ತನ್ನ ಹಕ್ಕು ಕೋರಿದ. ಬೆಳದಿಂಗಳಲ್ಲಿ ಕೊಲೋಸಿಯಂ ನೋಡುವುದು ಆಗಿನ ಪ್ರವಾಸಿಯ ಬಹುದೊಡ್ಡ ಆಸೆ. ಆ ಬೆಳಕಿನಲ್ಲಿ ಫೋಟೊ ತೆಗೆಯುವ ಶಕ್ತಿ ಆಗಿನ ಗಾಜಿಗೆ ಇರಲಿಲ್ಲ. ನೇಪಲ್ಸಿನಲ್ಲಿ ನೆಲೆನಿಂತ ಜರ್ಮನಿಯ ಜಾರ್ಜಿಯೊ ಸೊಮರ್ ಪೊಂಪೈಯನ್ನು ದಶಕಗಳ ಕಾಲ ತೆಗೆದ. 1863ರಲ್ಲಿ ಅಲ್ಲಿನ ಅಗೆತದ ಮುಖ್ಯಸ್ಥ ಫಿಯೊರೆಲ್ಲಿ ಜ್ವಾಲಾಮುಖಿಯ ಬೂದಿಯೊಳಗಿನ ಟೊಳ್ಳುಗಳಿಗೆ ಪ್ಲಾಸ್ಟರ್ ಹೊಯ್ದು ಸತ್ತವರ ಮೈಯಾಕಾರ ಪಡೆದಾಗ, ಅದನ್ನು ಜಗತ್ತಿಗೆ ಮುಟ್ಟಿಸಿದ್ದು ಸೊಮರ್‌ನಂಥವರ ಚಿತ್ರಗಳೇ. ಆದರೆ ಪೊಂಪೈಯ ಪ್ರಶ್ನೆ ಬೇರೆ. ಅದು ಜನ ಬಿಟ್ಟುಹೋದ ಊರು. ರೋಮನ್ನು ಜನ ಬಿಡಲೇ ಇಲ್ಲ.

ಈ ಛಾಯಾಗ್ರಾಹಕರು ಹದಿನೆಂಟನೆಯ ಶತಮಾನದ ಪಿರಾನೇಸಿಯ ಕೆತ್ತನೆಗಳನ್ನು ನೋಡಿ ಬೆಳೆದವರು, ಅವನು ನಿಂತಲ್ಲೇ ನಿಂತರು, ಅವನು ತೋರಿಸಿದ್ದನ್ನೇ ತೋರಿಸಿದರು ಎಂಬ ಆಕ್ಷೇಪವಿದೆ. ನಿಂತ ಜಾಗದ ಮಟ್ಟಿಗೆ ಇದು ನಿಜ. ಕ್ಯಾಪಿಟೋಲಿನ ಗುಡ್ಡದಿಂದ ಫೋರಂ ಕಡೆಗೆ, ಪಾಲಟೈನ್ ಇಳಿಜಾರಿನಿಂದ ಕೊಲೋಸಿಯಂ ಕಡೆಗೆ ನೋಡುವ ನೋಟಗಳು ಚಿತ್ರಕಾರರು ಸವೆಸಿದ ದಾರಿಗಳೇ. ಆದರೆ ಪಿರಾನೇಸಿಗೆ ಇದ್ದ ಸ್ವಾತಂತ್ರ್ಯ ಕ್ಯಾಮೆರಾಕ್ಕೆ ಇರಲಿಲ್ಲ. ಅವನು ಬುಡದಲ್ಲಿ ಇರುವೆಯಂಥ ಮನುಷ್ಯರನ್ನು ಬರೆದು ಕಟ್ಟಡವನ್ನು ಬೆಳೆಸುತ್ತಿದ್ದ. ಫೋಟೊದಲ್ಲಿ ಕಟ್ಟಡ ತನ್ನ ಅಳತೆಗೆ ಇಳಿಯಿತು, ಅದರ ಪಕ್ಕದ ಮನೆ ಅದರ ಅಳತೆಗೆ ಏರಿತು. ನರ್ವಾ ಚಕ್ರವರ್ತಿಯ ಫೋರಂನ ಎರಡು ಕೊರಿಂಥಿಯನ್ ಕಂಬಗಳು ಅರ್ಧ ಮಣ್ಣಿನಲ್ಲಿ ಹೂತು, ಪಕ್ಕದ ಮನೆಗಳಿಗೆ ಭುಜ ಕೊಟ್ಟು ನಿಂತಿರುವ ಚಿತ್ರಗಳನ್ನು ನೋಡಿ. ಪಿರಾನೇಸಿಯಲ್ಲಿ ಅದು ಭವ್ಯ. ಫೋಟೊದಲ್ಲಿ ಅದು ಒಂದು ಬೀದಿಮೂಲೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಈ ಚಿತ್ರಗಳಲ್ಲಿ ಜನವಿಲ್ಲ. ಊರು ಸತ್ತಿದೆ, ಪ್ರಾಚೀನರು ಮಾತ್ರ ದೊಡ್ಡವರು, ಈಗಿನವರು ಲೆಕ್ಕಕ್ಕಿಲ್ಲ ಎಂಬ ಭಾವನೆಯನ್ನು ಇದು ಬಿತ್ತುತ್ತದೆ. ಇದಕ್ಕೆ ಎಕ್ಸ್‌ಪೋಷರ್ ಅವಧಿಯೇ ಕಾರಣ ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಲುಗದೆ ನಿಲ್ಲು ಎಂದು ಹೇಳಿ ನಿಲ್ಲಿಸಿಕೊಳ್ಳುವುದು ಆಗಲೂ ಸಾಧ್ಯವಿತ್ತು. ಕಾನೆವಾ ಹಳ್ಳಿಗರನ್ನು ನಿಲ್ಲಿಸಿ ತೆಗೆದಿದ್ದಾನೆ. ಬೇರೆಯವರು ಬೇಕೆಂದೇ ಖಾಲಿ ಬಿಟ್ಟರು, ಕೊಳ್ಳುವವರಿಗೂ ಖಾಲಿಯೇ ಬೇಕಿತ್ತು. ಆದ್ದರಿಂದ ಈ ಖಾಲಿತನವನ್ನು ಇತಿಹಾಸವೆಂದು ನಂಬಬಾರದು. ಆದರೂ ನೆಲದ ಮೇಲೆ ಮಸುಕಾದ ಒಂದು ಕಲೆ, ಅರ್ಧ ಮೂಡಿದ ಕತ್ತೆ, ಅರ್ಧ ಅಳಿಸಿದಂತಿರುವ ಒಂದು ಬಂಡಿ ಸಿಗುತ್ತವೆ. ಐದು ನಿಮಿಷದಲ್ಲಿ ಒಂದು ನಿಮಿಷ ಮಾತ್ರ ನಿಂತವರ ಗುರುತುಗಳು ಅವು.

ದಾಖಲೆಯ ಪಕ್ಷದ ದೊಡ್ಡ ಹೆಸರು ಜಾನ್ ಹೆನ್ರಿ ಪಾರ್ಕರ್, ಆಕ್ಸ್‌ಫರ್ಡಿನ ಪುಸ್ತಕ ವ್ಯಾಪಾರಿ ಮತ್ತು ಪ್ರಕಾಶಕ. ಆರೋಗ್ಯಕ್ಕಾಗಿ ರೋಮಿಗೆ ಬರತೊಡಗಿದವನು 1864ರಿಂದ ಹಲವು ಛಾಯಾಗ್ರಾಹಕರನ್ನು ನೇಮಿಸಿಕೊಂಡು 3,300ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆಸಿದ. ಅವನಿಗೆ ಚೆಂದ ಬೇಕಿರಲಿಲ್ಲ. ಇಟ್ಟಿಗೆಯ ಸಾಲು, ಗಾರೆಯ ದಪ್ಪ, ಗೋಡೆಯ ಅಡ್ಡಕೊಯ್ತ ಬೇಕಿತ್ತು. ಅಳತೆ ತಿಳಿಯಲೆಂದು ಗೋಡೆಗೆ ಗುರುತು ಹಾಕಿದ ಕೋಲು ಒರಗಿಸಿ ತೆಗೆಸಿದ. ಕೆನಡಾದಿಂದ ಬಂದ ಚಾರ್ಲ್ಸ್ ಸ್ಮೀಟನ್ ಅವನಿಗಾಗಿ ಕ್ರೈಸ್ತರ ನೆಲಮಾಳಿಗೆಯ ಸಮಾಧಿಗಳಿಗಿಳಿದು, ಮೆಗ್ನೀಸಿಯಂ ತಂತಿ ಉರಿಸಿ ಅದರ ಬೆಳಕಿನಲ್ಲಿ ಭಿತ್ತಿಚಿತ್ರಗಳನ್ನು ತೆಗೆದ. ಅವನೂ 1868ರಲ್ಲಿ ರೋಮಿನ ಜ್ವರಕ್ಕೆ ಬಲಿಯಾದ.

ಪಾರ್ಕರ್‌ನ ಸಿದ್ಧಾಂತಗಳು ಉಳಿಯಲಿಲ್ಲ. ರೋಮಿನ ಆದಿ ಅರಸರ ದಂತಕಥೆಗಳನ್ನು ತಾನು ಕಂಡ ಗೋಡೆಗಳು ಸಾಬೀತು ಮಾಡುತ್ತವೆ ಎಂದು ಅವನು ಗಟ್ಟಿಯಾಗಿ ನಂಬಿದ್ದ, ವಿದ್ವಾಂಸರು ಒಪ್ಪಲಿಲ್ಲ. ವಾದ ಬಿದ್ದುಹೋದರೂ ಚಿತ್ರಗಳು ನಿಂತವು. ಗಾಜಿನ ನೆಗೆಟಿವ್‌ಗಳು 1893ರ ಬೆಂಕಿಯಲ್ಲಿ ಹೋದವು. ಈಗ ಇರುವುದು ಬೇರೆಬೇರೆ ಸಂಸ್ಥೆಗಳಲ್ಲಿ ಹಂಚಿಹೋಗಿದ್ದ ಪ್ರಿಂಟುಗಳು ಮಾತ್ರ. ದಾಖಲೆ ಎಂಬ ಏಕೈಕ ಉದ್ದೇಶದಿಂದ ತೆಗೆದ ಈ ಚಿತ್ರಗಳನ್ನು ಮ್ಯಾಕ್‌ಫರ್ಸನ್‌ನ ಚಿತ್ರಗಳ ಪಕ್ಕ ಇಟ್ಟರೆ ಕಣ್ಣಿಗೆ ಬಡವಾಗಿ ಕಾಣುತ್ತವೆ. ಆದರೆ ಯಾವ ಕೊಳ್ಳುವವನಿಗೂ ಬೇಡವಾದ ಹಿತ್ತಿಲು, ಬಾವಿ, ದ್ರಾಕ್ಷಿತೋಟದ ಗೋಡೆಗಳು ಪಾರ್ಕರ್‌ನಲ್ಲಿ ಸಿಗುತ್ತವೆ. ಪಕ್ಷ ವಹಿಸಲೇಬೇಕೆಂದರೆ ನಾನು ಈ ಬಡ ಚಿತ್ರಗಳ ಕಡೆ.

1870ರ ಸೆಪ್ಟೆಂಬರ್ 20ರಂದು ಇಟಲಿಯ ಸೇನೆ ಪಿಯಾ ಬಾಗಿಲ ಬಳಿ ಗೋಡೆ ಒಡೆದು ಪೋಪನ ಆಳ್ವಿಕೆಯ ರೋಮಿನ ಒಳಬಂತು. ರೋಮ್ ಹೊಸ ದೇಶದ ರಾಜಧಾನಿಯಾಯಿತು. ಅಲ್ಲಿಂದ ಊರಿನ ಚಹರೆ ಬದಲಾದ ಕಥೆಯನ್ನು ಈ ಚಿತ್ರಗಳಿಂದ ಒಂದೊಂದಾಗಿ ಓದಬಹುದು. ಕೊಲೋಸಿಯಂ ನೋಡಿ. ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ 1855ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಒಂದೇ ಕಟ್ಟಡದ ಮೇಲೆ ಬೆಳೆದಿದ್ದ 420 ಜಾತಿಯ ಗಿಡಗಳನ್ನು ಪಟ್ಟಿಮಾಡಿದ್ದಾನೆ. ಹಳೆಯ ಫೋಟೊಗಳಲ್ಲಿ ಕಮಾನಿನ ಅಂಚಿನಿಂದ ಬಳ್ಳಿ ಇಳಿಬಿದ್ದಿರುವುದು, ಆಸನಗಳ ಸಾಲಿನ ಮೇಲೆ ಪೊದೆ ಹಬ್ಬಿರುವುದು ಕಾಣುತ್ತದೆ. ನಡುವೆ ಶಿಲುಬೆ; ಸುತ್ತಲೂ ಯೇಸುವಿನ ಯಾತನೆಯ ಘಟ್ಟಗಳನ್ನು ನೆನೆಯುವ ಪುಟ್ಟ ಗುಡಿಗಳು. ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಹೊಸ ಸರ್ಕಾರದ ಪುರಾತತ್ತ್ವಾಧಿಕಾರಿ ಪಿಯೆತ್ರೊ ರೊಸಾ ಕಲ್ಲಿಗೆ ಹಾನಿ ಎಂದು ಗಿಡಗಳನ್ನೆಲ್ಲ ಕೀಳಿಸಿದ. 1874ರಲ್ಲಿ ಅಗೆತಕ್ಕಾಗಿ ಗುಡಿಗಳನ್ನೂ ತೆಗೆದರು. ಗಿಡವೂ ಗುಡಿಯೂ ಇರುವ ಕೊಲೋಸಿಯಂ ಚಿತ್ರ ಕಂಡರೆ ಅದು ಆ ಕಾಲಕ್ಕಿಂತ ಹಿಂದಿನದು ಎಂದು ಖಚಿತವಾಗಿ ಹೇಳಬಹುದು.

ತಾರೀಖು ಬರೆಯದ ಚಿತ್ರಗಳ ಕಾಲವನ್ನು ನಿರ್ಧರಿಸುವುದೇ ಹೀಗೆ. ಟೈಬರ್ ನದಿಯ ಪೊಂತೆ ರೊಟ್ಟೊ, ಅಂದರೆ ಮುರಿದ ಸೇತುವೆ, ಇದಕ್ಕೆ ಒಳ್ಳೆಯ ಉದಾಹರಣೆ. 1598ರ ಪ್ರವಾಹದಲ್ಲಿ ಅರ್ಧ ಕೊಚ್ಚಿಹೋಗಿ ಮೂರು ಕಮಾನು ಮಾತ್ರ ಉಳಿದಿತ್ತು. 1853ರಲ್ಲಿ ಮುರಿದ ತುದಿಯಿಂದ ಆಚೆ ದಡಕ್ಕೆ ಕಬ್ಬಿಣದ ತೂಗುಸೇತುವೆ ಕಟ್ಟಿದರು. 1887ರಲ್ಲಿ ಅದನ್ನೂ ಎರಡು ಕಮಾನುಗಳನ್ನೂ ತೆಗೆದರು. ಹಾಗಾಗಿ ತೂಗುಸೇತುವೆ ಇಲ್ಲದ ಮೂರು ಕಮಾನಿನ ಚಿತ್ರ 1853ಕ್ಕೆ ಮುಂಚಿನದು, ತೂಗುಸೇತುವೆ ಇರುವ ಚಿತ್ರ ಆಮೇಲಿನದು, ಒಂಟಿ ಕಮಾನು ಮಾತ್ರ ಇರುವುದು 1887ರ ನಂತರದ್ದು. ನದಿಯ ದಡವೂ ಹೀಗೇ. ಹಳೆಯ ಚಿತ್ರಗಳಲ್ಲಿ ಮನೆಗಳ ಬುಡಕ್ಕೆ ನೀರು ತಾಗುತ್ತದೆ. 1870ರ ಡಿಸೆಂಬರ್ ಪ್ರವಾಹದ ನಂತರ, 1876ರಿಂದ ಎರಡೂ ಕಡೆ ಎತ್ತರದ ಗೋಡೆಗಳು ಎದ್ದವು. ಊರಿಗೂ ನೀರಿಗೂ ಇದ್ದ ಮಾತು ಕಡಿಯಿತು.

ಫೋರಂನ ಹೆಸರೇ ಆಗ ಬೇರೆ: ಕಾಂಪೊ ವಚಿನೊ, ದನದ ಬಯಲು. ಸೆನೆಟ್ ಕೂಡಿದ ಜಾಗದಲ್ಲಿ ದನ ಮೇಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸೆವೆರಸ್‌ನ ಕಮಾನು, ಫೋಕಸ್‌ನ ಕಂಬಗಳ ಬುಡ ಬಿಡಿಸಿದ್ದರು. ಫೋಟೊಗಳಲ್ಲಿ ಅವು ಗುಂಡಿಯೊಳಗೆ, ತಡೆಗೋಡೆಯ ಹಿಂದೆ ನಿಂತಿವೆ; ಸುತ್ತಲಿನ ನೆಲ ಇನ್ನೂ ಮೇಲೆ. ನಡುವೆ ಮರಗಳ ಸಾಲು. ಒಂದೇ ಚಿತ್ರದಲ್ಲಿ ಪ್ರಾಚೀನ ನೆಲ ಒಂದು ಮಟ್ಟದಲ್ಲಿ, ಬದುಕುತ್ತಿರುವ ನೆಲ ಇನ್ನೊಂದು ಮಟ್ಟದಲ್ಲಿ. ಟೈಟಸ್‌ನ ಕಮಾನಿನ ಚಿತ್ರಗಳಲ್ಲಿ ಮತ್ತೊಂದು ಪಾಠವಿದೆ. 1820ರ ದಶಕದ ಆರಂಭದಲ್ಲಿ ವಾಸ್ತುಶಿಲ್ಪಿ ವಲಾದಿಯೆ ಅದನ್ನು ಬಿಚ್ಚಿ ಮತ್ತೆ ಜೋಡಿಸುವಾಗ, ಇಲ್ಲದ ಭಾಗಗಳನ್ನು ಅಮೃತಶಿಲೆಯ ಬದಲು ಟ್ರಾವರ್ಟೀನ್ ಕಲ್ಲಿನಲ್ಲಿ ಸರಳವಾಗಿ ಕಟ್ಟಿದ. ಹಳೆಯದು ಹೊಸದು ಫೋಟೊದಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಕೊಲೋಸಿಯಂನ ಒಂದು ತುದಿಯಲ್ಲಿ ಸ್ಟರ್ನ್ ಎಂಬ ವಾಸ್ತುಶಿಲ್ಪಿ 1807ರ ಹೊತ್ತಿಗೆ ಕಟ್ಟಿದ ಇಟ್ಟಿಗೆಯ ಆಸರೆಯೂ ಹೀಗೆಯೇ: ಜಾರುತ್ತಿದ್ದ ಕಲ್ಲುಗಳನ್ನು ಜಾರಿದ ಸ್ಥಿತಿಯಲ್ಲೇ ಇಟ್ಟಿಗೆಯಿಂದ ಹಿಡಿದು ನಿಲ್ಲಿಸಿದ್ದಾನೆ. ಫೋಟೊಗಳಲ್ಲಿ ಆ ಬೀಳುವ ಕ್ಷಣ ಸ್ಪಷ್ಟ.

ದೊಡ್ಡ ನಾಶ ಬಂದದ್ದು ಮುಸೊಲಿನಿಯ ಕಾಲದಲ್ಲಿ. ವೆನೇಜಿಯಾ ಚೌಕದಿಂದ ಕೊಲೋಸಿಯಂವರೆಗೆ ಸೇನೆಯ ಮೆರವಣಿಗೆಗೆಂದು ಇಡೀ ಬಡಾವಣೆಗಳನ್ನು ಕೆಡವಿ, ವೆಲಿಯಾ ಗುಡ್ಡವನ್ನೇ ಕತ್ತರಿಸಿ 1932ರಲ್ಲಿ ಹೆದ್ದಾರಿ ತೆರೆದರು. ಕೊಲೋಸಿಯಂ ಪಕ್ಕದಲ್ಲಿದ್ದ ಮೆತಾ ಸುದಾನ್ಸ್ ಎಂಬ ಪ್ರಾಚೀನ ಕಾರಂಜಿಯ ಮೊಂಡು ಗೋಪುರವನ್ನು 1936ರಲ್ಲಿ ನೆಲಸಮ ಮಾಡಿದರು. ಪ್ರಾಚೀನ ರೋಮಿನ ವೈಭವದ ಹೆಸರಿನಲ್ಲಿ ಪ್ರಾಚೀನ ರೋಮಿನದೇ ಒಂದು ಕಟ್ಟಡ ಹೋಯಿತು. ಸುಶಿಪಿಯಿಂದ ಆಂಡರ್ಸನ್‌ವರೆಗೆ ರೋಮಿನಲ್ಲಿ ಕೆಲಸ ಮಾಡಿದವರ ಕಾಲದಲ್ಲಿ ಅದು ಕೊಲೋಸಿಯಂ ನೋಟದ ಖಾಯಂ ಸಂಗಾತಿ.

ನಮಗೂ ಈ ಮಾತು ದೂರದ್ದಲ್ಲ. ಮ್ಯಾಕ್‌ಫರ್ಸನ್ ರೋಮಿನಲ್ಲಿದ್ದ ಅದೇ ವರ್ಷಗಳಲ್ಲಿ, 1856ರಲ್ಲಿ, ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ತೆಗೆದ. ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು ಎಂಬುದನ್ನು ನಾವು ಕಣ್ಣಾರೆ ಕಾಣುವುದು ಅವನ ಚಿತ್ರದಲ್ಲಿ. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ 1980ರ ದಶಕದಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದಾಗ ಮಾರ್ಸೆಲಸ್ ರಂಗಮಂದಿರದ ಕಮಾನುಗಳಿಗೆ ಆದದ್ದೇ ಇಲ್ಲೂ ಆಯಿತು. ಕಂಬಗಳು ಬಿಡುಗಡೆಯಾದವು, ಅಲ್ಲಿ ಬದುಕಿದವರ ಗುರುತು ಹೋಯಿತು. ಸ್ಮಾರಕ ಉಳಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ. ಮಂಟಪದೊಳಗಿನ ಒಲೆ, ಗೂಡಂಗಡಿ, ಗೋಡೆಯ ಬಣ್ಣಗಳನ್ನೂ ಸ್ಮಾರಕದಷ್ಟೇ ಶ್ರದ್ಧೆಯಿಂದ ದಾಖಲಿಸಿದ ಮೇಲೆಯೇ ಕೈಹಾಕಬೇಕು ಎನ್ನುತ್ತಿದ್ದೇನೆ. ರೋಮಿನಲ್ಲಿ ಆ ಕೆಲಸ ಅಕಸ್ಮಾತ್ತಾಗಿ ಆಯಿತು, ಕೆಲವರು ಗುಳಿಬಿದ್ದ ಕಂಬಗಳನ್ನು ಪ್ರೀತಿಸಿ ಹತ್ತಿರ ನಿಂತು ತೆಗೆದದ್ದರಿಂದ.

ಹಾಗಾದರೆ ಈ ಚಿತ್ರಗಳನ್ನು ಎಷ್ಟು ನಂಬಬೇಕು? ಹೆಸರುಗಳ ವಿಷಯದಲ್ಲಿ ಕಡಿಮೆ. ದನದ ಸಂತೆಯ ಹಳೆಯ ಜಾಗದಲ್ಲಿರುವ ದುಂಡನೆಯ ಗುಡಿಯನ್ನು ಎಲ್ಲರೂ ವೆಸ್ತಾ ದೇಗುಲವೆಂದು ಬರೆದಿದ್ದಾರೆ, ಅದು ಹರ್ಕ್ಯುಲಿಸ್‌ನದು. ಜನರ ವಿಷಯದಲ್ಲಿ ಇನ್ನೂ ಕಡಿಮೆ. ಆಕಾಶ, ಬೆಳದಿಂಗಳ ವಿಷಯದಲ್ಲಿ ಸ್ವಲ್ಪವೂ ಬೇಡ. ಮಣ್ಣಿನ ಮಟ್ಟ, ಗೋಡೆ, ಗಿಡ, ಕಿಟಕಿ, ನೀರಿನ ಗೆರೆಗಳ ವಿಷಯದಲ್ಲಿ ಪೂರ್ತಿ ನಂಬಬಹುದು.

ಲಾಸ್ ಏಂಜಲೀಸಿನ ಗೆಟ್ಟಿ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಎರಡೂ ಈ ಕಾಲದ ತಮ್ಮ ಅನೇಕ ಪ್ರಿಂಟುಗಳನ್ನು ಯಾರು ಬೇಕಾದರೂ ನೋಡಿ ಇಳಿಸಿಕೊಳ್ಳುವಂತೆ ಉಚಿತವಾಗಿ ತೆರೆದಿಟ್ಟಿವೆ. ಆಸಕ್ತರು ಮ್ಯಾಕ್‌ಫರ್ಸನ್‌ನ ಚಿತ್ರ ಯಾವುದಾದರೂ ಒಂದನ್ನು ದೊಡ್ಡದು ಮಾಡಿಕೊಂಡು ನೋಡಬೇಕು. ಕಂಬದ ತಲೆಯ ಕಡೆ ಆಮೇಲೆ ಹೋಗಿ, ಅದು ನೆಲ ಮುಟ್ಟುವ ಜಾಗದಿಂದ ನೋಟ ಶುರುಮಾಡಿ.